ಇಲಿಗಿಂತ ಸಣ್ಣ ರೈಲು

ನಮ್ಮ ಮನೆಯ ಇಲಿ ರೈಲು ಇಂಜಿನ್ನಿಗಿಂತ ದೊಡ್ಡದು. ಹೆದರಬೇಡಿ, ಅಡುಗೆಮನೆಯಲ್ಲಿ ಓಡಾಡುವ ಇಲಿಯ ಮಾತಲ್ಲ. ಅದು ಉದಕಮಂಡಲದ ಎಲ್ಲ ಇಲಿಗಳ ಹಾಗೆ ಚಳಿಗೆ ಮುದುಡಿಕೊಂಡು ಹದವಾದ ಗಾತ್ರದಲ್ಲೇ ಇದೆ. ನಾನು ಹೇಳುತ್ತಿರುವುದು ದಸರೆಯ ಗೊಂಬೆಗಳಲ್ಲಿ ಗಣೇಶನ ಪಾದದ ಬಳಿ ಕೂರುವ ಇಲಿಯ ವಿಷಯ. ಅದು ನನ್ನ ಮುಷ್ಟಿಯಷ್ಟಿದೆ. ಅದೇ ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದ ನಮ್ಮೂರ ಬೆಟ್ಟದ ರೈಲು, ಪ್ರವಾಸಿಗರಿಗಾಗಿಯೇ ಇರುವ ಅಂಗಡಿಯಿಂದ ತಂದದ್ದು, ಡಬ್ಬಿಯೊಂದಕ್ಕೆ ಅರ್ಧ ಬೆಂಕಿಪೊಟ್ಟಣದಷ್ಟು. ಇಲಿಗೆ ಮನಸ್ಸಾದರೆ ಇಂಜಿನ್ನನ್ನು ಕಡಲೆಕಾಯಿಯ ಹಾಗೆ ಎರಡು ಕೈಯಲ್ಲಿ ಹಿಡಿದು ಕಡಿಯಬಹುದು.

ಇದರಿಂದ ನಿನಗೇನು ನಷ್ಟ ಎಂದು ನೀವು ಕೇಳಬಹುದು. ನನ್ನ ಗಂಡ ಕೇಳಿದ್ದಾರೆ, ಅತ್ತೆ ಕೇಳಿದ್ದಾರೆ, ಗೊಂಬೆ ನೋಡಲು ಬಂದವರೆಲ್ಲ ಕೇಳಿದ್ದಾರೆ. ನಷ್ಟವಿಲ್ಲ, ಸಂಕಟವಿದೆ. ಕಟ್ಟಡಗಳ ನಕಾಶೆ ಬರೆಯುವುದು ನನ್ನ ಕಸುಬು. ಇಂಜಿನಿಯರೊಬ್ಬರ ಕಚೇರಿಯಲ್ಲಿ ಕೂತು ಕಾಗದದ ಮೇಲೂ ಆಮೇಲೆ ಕಂಪ್ಯೂಟರಿನ ಮೇಲೂ ಮನೆ, ಗೋಡೌನು, ಟೀ ಫ್ಯಾಕ್ಟರಿಗಳನ್ನು ಕುಗ್ಗಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಒಂದಕ್ಕೆ ನೂರು ಎಂದರೆ ಗೋಡೆಯೂ ಒಂದಕ್ಕೆ ನೂರು, ಬಾಗಿಲೂ ಒಂದಕ್ಕೆ ನೂರು, ಬಚ್ಚಲ ತೂತೂ ಒಂದಕ್ಕೆ ನೂರು. ಯಾರೋ ದೊಡ್ಡ ಮನುಷ್ಯರ ಬಾಗಿಲು ಎಂದು ಅದನ್ನು ಒಂದಕ್ಕೆ ಐವತ್ತು ಬರೆದರೆ ಮನೆ ಕಟ್ಟುವ ಮೇಸ್ತ್ರಿ ನನ್ನನ್ನು ಹುಡುಕಿಕೊಂಡು ಬರುತ್ತಾನೆ. ಇಂಥ ಶಿಸ್ತಿನಲ್ಲಿ ಬೆಳೆದ ಕಣ್ಣಿಗೆ ದಸರೆಯ ಮೆಟ್ಟಿಲು ಎಂದರೆ ಒಂಬತ್ತು ದಿನದ ತಲೆನೋವು.

ನಮ್ಮ ಗೊಂಬೆಗಳ ಪರಿಚಯ ಮಾಡಿಕೊಟ್ಟರೆ ನಿಮಗೂ ಅರ್ಥವಾದೀತು. ಅತ್ತೆಯವರ ತವರು ನಂಜನಗೂಡಿನ ಕಡೆ. ಮಾವ ಈ ಬೆಟ್ಟಕ್ಕೆ ಬಂದು ತರಕಾರಿ ಬೀಜದ ಅಂಗಡಿ ಇಟ್ಟಾಗ ಅತ್ತೆ ಟ್ರಂಕಿನಲ್ಲಿ ಪಟ್ಟದ ಗೊಂಬೆಗಳನ್ನು ಇಟ್ಟುಕೊಂಡು ಬಂದರಂತೆ. ಮರದ ರಾಜ, ಮರದ ರಾಣಿ, ಮೊಳದೆತ್ತರ. ಅವರ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರು ಮತ್ತು ಶೆಟ್ಟಮ್ಮ, ಗೇಣುದ್ದ. ಶೆಟ್ಟರ ಅಂಗಡಿಯ ಬದನೆಕಾಯಿ ಶೆಟ್ಟರ ತಲೆಗಿಂತ ದಪ್ಪ. ಕ್ರಿಕೆಟ್ ತಂಡವೊಂದಿದೆ, ಅದರಲ್ಲಿ ಕೀಪರ್ ಕಳೆದುಹೋದ ಮೇಲೆ ಬೇರೆ ಕಡೆಯಿಂದ ತಂದ ಕೀಪರನನ್ನು ಕೂರಿಸಿದ್ದೇವೆ, ಅವನು ಕೂತೇ ಉಳಿದವರ ಎತ್ತರಕ್ಕಿದ್ದಾನೆ. ಎದ್ದು ನಿಂತರೆ ಆಟ ಮುಗಿದ ಹಾಗೆ. ಆನೆ ಬೆಕ್ಕಿನಷ್ಟಿದೆ, ಬೆಕ್ಕು ಆನೆಯಷ್ಟೇ ಇದೆ. ಇಬ್ಬರೂ ಸ್ನೇಹದಿಂದಿದ್ದಾರೆ, ಅದು ಬೇರೆ ಮಾತು.

ಇಷ್ಟು ವರ್ಷ ಪ್ರತಿ ದಸರೆಗೂ ಹೊಸ ಗೊಂಬೆ ತರಲು ಹೋಗುವುದು ನಾನೇ ಆದ್ದರಿಂದ ತಪ್ಪು ನನ್ನದೂ ಇರಬೇಕು ಎಂದು ನೀವು ಹೇಳಿದರೆ ಒಪ್ಪುವುದಿಲ್ಲ. ನಾನು ಅಳತೆ ಹೇಳಿಯೇ ತರಿಸುತ್ತೇನೆ. ಮೂರಿಂಚು ಎನ್ನುತ್ತೇನೆ. ಒಬ್ಬರು ಕಳಿಸಿದ ಮೂರಿಂಚಿನ ಹಾಲಿನವನಲ್ಲಿ ಕಾಲಡಿಯ ಹಲಗೆಯೇ ಒಂದಿಂಚು. ಇನ್ನೊಬ್ಬರ ಮೂರಿಂಚು ನೀರು ತರುವವಳ ತಲೆಯ ಮೇಲಿನ ಬಿಂದಿಗೆಯ ಬಾಯಿಯವರೆಗೆ. ಫೋನು ಮಾಡಿ ಜಗಳವಾಡಿದ್ದಕ್ಕೆ ಮೂರನೆಯವರು, "ನಮ್ಮಲ್ಲಿ ಕಣ್ಣಿನ ತನಕ ಅಳೀತೀವಿ ಮೇಡಂ. ಅದರ ಮೇಲೆ ಪೇಟ ಬರ್ತದೆ, ಟೋಪಿ ಬರ್ತದೆ, ಅದಕ್ಕೆಲ್ಲ ನಾವು ಜವಾಬ್ದಾರಿ ತಗೊಳ್ಳಲ್ಲ" ಎಂದರು. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಮನುಷ್ಯ ಎಂದರೆ ಅಂಗಾಲಿನಿಂದ ಕಣ್ಣಿನವರೆಗೆ, ಹಣೆಯ ಮೇಲಿನದೆಲ್ಲ ಅವರವರ ಅದೃಷ್ಟ! ಯೋಚಿಸಿ ನೋಡಿದರೆ ಲೋಕವ್ಯವಹಾರ ನಡೆಯುವುದೂ ಹಾಗೆಯೇ ಇರಬೇಕು ಅನ್ನಿಸಿತು.

ನಮ್ಮ ಹಿಂದಿನ ಶಿಲ್ಪಿಗಳು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಅವರ ಲೆಕ್ಕದಲ್ಲಿ ಇಂಚೂ ಇಲ್ಲ, ಅಡಿಯೂ ಇಲ್ಲ. ಮೂರ್ತಿಯ ಮುಖ ಎಷ್ಟುದ್ದವೋ ಅದೇ ಅಳತೆಗೋಲು, ಅದರ ಹೆಸರು ತಾಲ. ದೊಡ್ಡ ದೇವರು ಹತ್ತು ತಾಲದವರು, ಗಣೇಶ ಐದು ತಾಲದವನು. ಅಂದರೆ ಪ್ರತಿಯೊಬ್ಬರೂ ತಮ್ಮ ಮುಖದಿಂದ ತಮ್ಮನ್ನೇ ಅಳೆದುಕೊಳ್ಳಬೇಕು, ಪಕ್ಕದವರ ಜೊತೆ ಹೋಲಿಸುವ ಹಾಗಿಲ್ಲ. ಬಹಳ ಸಜ್ಜನರ ಪದ್ಧತಿ. ಆದರೆ ಮೆಟ್ಟಿಲ ಮೇಲೆ ಅಕ್ಕಪಕ್ಕದಲ್ಲಿ ಕೂತಾಗ ಹೋಲಿಕೆ ತಪ್ಪುತ್ತದೆಯೇ? ಮದುವೆಯ ಫೋಟೋದಲ್ಲೇ ತಪ್ಪುವುದಿಲ್ಲ.

ಇನ್ನು ಎದೆಮಟ್ಟದ ಮೂರ್ತಿಗಳಿವೆಯಲ್ಲ, ತಲೆ, ಕತ್ತು, ಒಂದಿಷ್ಟು ಹೆಗಲು, ಅಲ್ಲಿಗೆ ಮುಕ್ತಾಯ, ಅವುಗಳ ಸಮಸ್ಯೆಯೇ ಬೇರೆ. ಚಿಕ್ಕವಳಿದ್ದಾಗ ರಸ್ತೆಯ ಮಧ್ಯದ ಅಂಥದೊಂದು ಮೂರ್ತಿ ನೋಡಿ, "ಉಳಿದದ್ದು ಎಲ್ಲಿ?" ಎಂದು ಅಪ್ಪನನ್ನು ಕೇಳಿದ್ದೆ. ಅಪ್ಪ ಒಂದು ಕ್ಷಣವೂ ತಡಮಾಡದೆ, "ಪೀಠದೊಳಗಿದೆ, ಕಾಲು ಚಾಚಿಕೊಂಡು ಕೂತಿದ್ದಾರೆ" ಎಂದರು. ಇವತ್ತಿಗೂ ಆ ತರಹದ ಪೀಠ ಕಂಡರೆ ಒಳಗೆ ಇರುವವರಿಗೆ ಜಾಗ ಸಾಲುತ್ತದೆಯೇ ಎಂದು ಅಂದಾಜು ಹಾಕುತ್ತೇನೆ. ಗೊಂಬೆಗಳ ನಡುವೆ ಇಂಥ ಮೂರ್ತಿ ಬಂದರೆ ಇನ್ನೂ ಕಷ್ಟ. ಅರ್ಧವೇ ಇದ್ದು ಎಲ್ಲರಷ್ಟು ಎತ್ತರ ಇದ್ದರೆ ತಲೆ ಕುಂಬಳಕಾಯಿಯಾಗುತ್ತದೆ. ತಲೆ ಎಲ್ಲರಷ್ಟು ಇದ್ದರೆ ಮೂರ್ತಿ ನೆಲ್ಲಿಕಾಯಿಯಾಗುತ್ತದೆ. ನಮ್ಮ ಮನೆಯಲ್ಲಿ ಆವರೆಗೆ ಅಂಥ ಮೂರ್ತಿ ಒಂದೂ ಇರಲಿಲ್ಲ ಎಂಬುದೇ ನನಗೆ ಸಮಾಧಾನವಾಗಿತ್ತು.

ಆ ಸಮಾಧಾನಕ್ಕೆ ಕಲ್ಲು ಹಾಕಿದವರು ಬೆಳ್ಳಣ್ಣ.

ಬೆಳ್ಳಣ್ಣ ಕೋತಗಿರಿಯ ಆಚೆಯ ಒಂದು ಹಟ್ಟಿಯವರು, ಈ ಬೆಟ್ಟದಲ್ಲೇ ಬೇರೂರಿದ ಬಡಗ ಜನ. ಮಾವನ ಕಾಲದಲ್ಲಿ ಕೋಸು, ಕ್ಯಾರೆಟ್ ಬೀಜಕ್ಕೆ ಅಂಗಡಿಗೆ ಬರುತ್ತಿದ್ದರು. ಆಮೇಲೆ ಹೊಲಕ್ಕೆಲ್ಲ ಟೀ ಹಾಕಿದರೂ ಬರುವುದನ್ನು ಬಿಡಲಿಲ್ಲ. ಸಂಘ, ಸಭೆ, ಪಂಚಾಯಿತಿ, ಎಲೆಯ ರೇಟು, ಎಲ್ಲದರಲ್ಲೂ ಅವರ ದನಿ ಮೊದಲು ಕೇಳುತ್ತದೆ. ಐವತ್ತು ದಾಟಿದ ನನ್ನನ್ನು ಈಗಲೂ 'ಕೂಸು' ಎನ್ನುತ್ತಾರೆ, ಬಡಗರಲ್ಲಿ ಹೆಣ್ಣುಮಗುವನ್ನು ಕರೆಯುವ ಹಾಗೆ. ಜೊತೆಯಲ್ಲಿ ಬರುವ ಹೆಂಡತಿ ಗಿರಿಜಿ ಅಕ್ಕ ಮಾತ್ರ ಬಾಯಿ ಬಿಡುವುದು ಕಾಫಿ ಕುಡಿಯಲಿಕ್ಕೆ. ಮಾತಾಡಲು ಸರದಿ ಸಿಕ್ಕಿಲ್ಲವೋ ಬೇಡವೋ, ನನಗೆ ತಿಳಿಯದು.

ಪ್ರತಿ ದಸರೆಗೂ ಬೆಳ್ಳಣ್ಣ ಬಂದು ಗೊಂಬೆಗಳ ಮುಂದೆ ನಿಂತು ಒಂದೇ ತಕರಾರು ಹೇಳುತ್ತಿದ್ದರು. "ರಾಜ ಇದ್ದನೆ, ಪೋಲೀಸ್ ಇದ್ದನೆ, ಆಟ ಆಡುವವನೂ ಇದ್ದನೆ. ಎಂಗ ಆಳು ಒಬ್ಬನೂ ಇಲ್ಲೆ. ಏಕ ಅಕ್ಕ?" ಎಂದು ಅತ್ತೆಯನ್ನು ಕೇಳುವರು. ಅವರ ಮಾತು ಕನ್ನಡದವರ ಕಿವಿಗೆ ಮೊದಲ ಸಲ ಜಾರಿದರೂ ಎರಡನೆಯ ಸಲಕ್ಕೆ ಸಿಕ್ಕುತ್ತದೆ. ನಮ್ಮ ಜನ ಒಬ್ಬರೂ ಇಲ್ಲವಲ್ಲ ಎಂಬುದು ಅವರ ದೂರು. ನಗುತ್ತ ಹೇಳುತ್ತಿದ್ದರು, ಆದರೆ ಪ್ರತಿ ವರ್ಷವೂ ಹೇಳುತ್ತಿದ್ದರು. ನ್ಯಾಯವಾದ ದೂರೇ. ಈ ಬೆಟ್ಟದ ಮೇಲೆ ಕೂತು, ಈ ಬೆಟ್ಟದ ಜನಕ್ಕೆ ಬೀಜ ಮಾರಿ ಬದುಕಿ, ಮೆಟ್ಟಿಲ ಮೇಲೆ ಮಾತ್ರ ಅವರಿಗೆ ಜಾಗವಿಲ್ಲ ಎಂದರೆ ಹೇಗೆ? ಹೋದ ದಸರೆಯಲ್ಲಿ ಅತ್ತೆ, "ನೀನೇ ಒಂದು ಮಾಡ್ಸಿ ತಂದ್ಬಿಡು ಬೆಳ್ಳಣ್ಣ, ತಂದಿದ್ದನ್ನ ನಾ ಕೂರಿಸ್ದೆ ಬಿಡಾಕಿಲ್ಲ" ಎಂದು ಮಾತು ಕೊಟ್ಟರು.

ಅತ್ತೆಗೆ ಮಂಡಿನೋವು. ಹಾಗಾಗಿ ಈ ಸಲ ಗೊಂಬೆ ಕೂರಿಸುವ ಯಜಮಾನಿಕೆ ಮೊದಲ ಬಾರಿಗೆ ನನ್ನ ಕೈಗೆ ಬಂತು. ಬಿಟ್ಟೇನೆಯೇ? ಅಳತೆಪಟ್ಟಿ ಹಿಡಿದು ಎಲ್ಲರನ್ನೂ ಅಳೆದೆ. ಮೊಳದವರು ಒಂದು ಮೆಟ್ಟಿಲು, ಗೇಣಿನವರು ಒಂದು ಮೆಟ್ಟಿಲು, ಬೆರಳುದ್ದದವರು ಒಂದು ಮೆಟ್ಟಿಲು. ರೈಲು, ಬಸ್ಸು, ಇಂಚಿನಷ್ಟೇ ಇರುವ ಪುಡಿ ಜನ, ಇವರನ್ನೆಲ್ಲ ಮೆಟ್ಟಿಲ ಪಕ್ಕದ ಮೂಲೆಯಲ್ಲಿ ರಾಗಿ ಪೈರು ಬೆಳೆಸಿ ಒಂದು ಪಾರ್ಕು ಮಾಡಿ ಅದರಲ್ಲಿ ಬಿಡುವುದೆಂದು ತೀರ್ಮಾನಿಸಿದೆ. ಇಲಿ ಮತ್ತು ಇಂಜಿನ್ನು ಮೊದಲ ಬಾರಿಗೆ ಬೇರೆ ಬೇರೆ ಮನೆ ಮಾಡಿದವು. ರಾಗಿ ಮಾತ್ರ ನಮ್ಮ ಚಳಿಗೆ ಮೊಳೆಯಲೊಲ್ಲದು. ತಟ್ಟೆಯನ್ನು ಒಲೆಯ ಪಕ್ಕ ಇಟ್ಟು ಕಾಯುತ್ತಿದ್ದೆ. ಅಲ್ಲಿಯವರೆಗೆ ಪಾರ್ಕಿನ ಮೂಲೆ ಖಾಲಿ, ರೈಲು, ಬಸ್ಸು, ಪುಡಿ ಜನ ಎಲ್ಲ ಪೆಟ್ಟಿಗೆಯಲ್ಲೇ. ಉಳಿದಂತೆ ಮೆಟ್ಟಿಲು ನಕಾಶೆಯ ಹಾಗೆ ಚೊಕ್ಕವಾಗಿತ್ತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಆರತಿಯ ಹೊತ್ತಿನಲ್ಲಿ ದೇವರನ್ನು ಬಿಟ್ಟು ಮೆಟ್ಟಿಲ ಗೆರೆಗಳನ್ನೇ ನೋಡುತ್ತಿದ್ದೆ.

ಮೂರನೆಯ ದಿನ ಪಿಕಪ್ ಜೀಪು ಬಂದು ನಿಂತಿತು. ಇಬ್ಬರು ಗೋಣಿಚೀಲ ಸುತ್ತಿದ್ದ ಏನನ್ನೋ ಏದುಸಿರು ಬಿಡುತ್ತ ಇಳಿಸಿ ಹಾಲಿನೊಳಗೆ ತಂದಿಟ್ಟರು. ಹಿಂದೆಯೇ ಬೆಳ್ಳಣ್ಣ. ಗೋಣಿ ಬಿಚ್ಚಿದರೆ ಒಳಗೂ ಬೆಳ್ಳಣ್ಣ! ಪ್ಲಾಸ್ಟರಿನಲ್ಲಿ ಮಾಡಿ ಕಂಚಿನ ಬಣ್ಣ ಬಳಿದ ಮುಖ, ಮೀಸೆ, ಹೆಗಲ ಮೇಲೆ ಮಡಿಕೆ ಮಡಿಕೆಯಾದ ಶಾಲು, ತಲೆಗೆ ಬಿಳಿಯ ರುಮಾಲು. ಎದೆಯವರೆಗೆ ಮಾತ್ರ. ತಲೆ ನಿಜವಾದ ಬೆಳ್ಳಣ್ಣನ ತಲೆಗಿಂತ ಒಂದು ಸುತ್ತು ದೊಡ್ಡದೇ ಇತ್ತು.

ನಡೆದದ್ದು ಇಷ್ಟು. ಕೊಯಮತ್ತೂರಿನ ಕಡೆಯ ಶಿಲ್ಪಿಯೊಬ್ಬನ ಹತ್ತಿರ ಹೋಗಿ, ಬಡಗ ಹಿರಿಯನೊಬ್ಬನ ಗೊಂಬೆ ಬೇಕು ಎಂದಿದ್ದಾರೆ. ಮಾದರಿಗೆ ಫೋಟೋ ಕೊಡಿ ಎಂದು ಅವನು ಕೇಳಿದ್ದಾನೆ. ಬೇರೆ ಯಾರ ಫೋಟೋ ಕೊಟ್ಟರೂ ಹಟ್ಟಿಯಲ್ಲಿ ಉಳಿದವರಿಗೆ ಬೇಜಾರಾದೀತು ಎಂಬ ದೂರಾಲೋಚನೆಯಿಂದ ಬೆಳ್ಳಣ್ಣ ಜೇಬಿನಲ್ಲಿದ್ದ ತಮ್ಮ ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಟ್ಟಿದ್ದಾರೆ. ಫೋಟೋದಲ್ಲಿ ಎಲ್ಲಿಯವರೆಗೆ ಇತ್ತೋ ಅವನು ಅಲ್ಲಿಯವರೆಗೆ ಮಾಡಿದ್ದಾನೆ. ಅಳತೆ ಎಷ್ಟು ಎಂದದ್ದಕ್ಕೆ, "ನಿನಗೆ ರೂಢಿ ಇರುವ ಸೈಜು ಮಾಡು" ಎಂದಿದ್ದಾರೆ. ಅವನಿಗೆ ರೂಢಿ ಇದ್ದದ್ದು ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಿಸುವ ನಾಯಕರ ಸೈಜು.

ಗೋಣಿಯ ಹುರಿ ಕೈಯಲ್ಲಿ ಹಿಡಿದುಕೊಂಡು ಬೆಳ್ಳಣ್ಣ ಮೂರ್ತಿಯನ್ನು ನೋಡಿದರು, ಮೆಟ್ಟಿಲು ನೋಡಿದರು, ಮೊಳದೆತ್ತರದ ರಾಜನನ್ನು ನೋಡಿದರು. ಶಿಲ್ಪಿಯ ಅಂಗಳದಲ್ಲಿ ಆನೆ, ಸಿಂಹ, ಮಂತ್ರಿಗಳ ನಡುವೆ ಅದು ಸಣ್ಣದಾಗಿ ಕಂಡಿರಬೇಕು. ಅವರ ಮುಖ ಇಷ್ಟೇ ಇಷ್ಟಾಯಿತು. "ದೊಡ್ಡದಾಗಿ ಹೋತು ಕೂಸು. ತಿರುಗಿ ಎತ್ತಿಕೊಂಡು ಹೋಪೆ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಆಮೇಲೆ ಗೊತ್ತಾಯಿತು, ಈ ಸಲ ಮೆಟ್ಟಿಲ ಮೇಲೆ ನಮ್ಮವರು ಕೂರುತ್ತಾರೆ ಎಂದು ಇಡೀ ಹಟ್ಟಿಗೆ ಹೇಳಿಬಿಟ್ಟಿದ್ದಾರೆ. ಭಾನುವಾರ ಜೀಪು ತುಂಬ ಜನ ನೋಡಲು ಬರುವವರಿದ್ದಾರೆ.

ಅತ್ತೆ ಸುಮ್ಮನಿರುವರೇ? "ಹೊಸ್ತಿಲು ದಾಟಿ ಬಂದ ಗೊಂಬೆನ ಹಬ್ಬ ಮುಗಿಯೋಗಂಟ ಆಚೆ ಕಳ್ಸಾಕಿಲ್ಲ. ನಾ ಮಾತು ಕೊಟ್ಟಿವ್ನಿ" ಎಂದರು. ಬೆಳ್ಳಣ್ಣ ಜೀಪು ಹತ್ತಿದರು. ಅತ್ತೆ ನನ್ನ ಕಡೆ ತಿರುಗಿ, "ಎಲ್ಲಿ ಕೂರಿಸ್ತೀಯೋ ಕೂರ್ಸು, ನಿಂದೇ ಯಜಮಾನಿಕೆ" ಎಂದರು. ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸಬಾರದು ಎಂಬ ಇನ್ನೊಂದು ಕಟ್ಟಳೆಯೂ ಅವರದೇ. ಅಂದರೆ ರಾಜನನ್ನು ಸರಿಸುವಂತಿಲ್ಲ, ಶೆಟ್ಟರನ್ನು ಇಳಿಸುವಂತಿಲ್ಲ. ಮೂರ್ತಿಯನ್ನು ಮೆಟ್ಟಿಲ ಮುಂದೆ ಇಟ್ಟರೆ ಹಿಂದಿನ ಜನರೆಲ್ಲ ಬೆಳ್ಳಣ್ಣನ ಕಿವಿಯ ಸಂದಿಯಿಂದ ಇಣುಕಬೇಕು. ಸೋಫಾದ ಮೇಲೆ ಕೂರಿಸಿದರೆ ಬಂದವರು ನಮಸ್ಕಾರ ಹಾಕಿ ಕಾಫಿ ಆಯಿತೇ ಎಂದು ಕೇಳುತ್ತಾರೆ. ಒಂದು ಕಡೆ ನನ್ನ ಗೆರೆ ತಪ್ಪದ ಮೆಟ್ಟಿಲು, ಇನ್ನೊಂದು ಕಡೆ ಬೆಳ್ಳಣ್ಣನ ಆ ಸಣ್ಣಗಾದ ಮುಖ. ಕೆಲಸಕ್ಕೆ ಹೋದರೂ ಕಣ್ಣ ಮುಂದೆ ಅದೇ ತಲೆ.

ಶನಿವಾರ ಬೆಳಗ್ಗೆ ಹಿತ್ತಲಿನ ಕಲ್ಲುಗೋಡೆಯ ಹತ್ತಿರ ನಿಂತು ಹಲ್ಲುಜ್ಜುತ್ತಿದ್ದೆ. ಮಳೆಗೆ ಗೋಡೆಯ ಮೇಲೆ ಪಾಚಿ ದಟ್ಟವಾಗಿ ಉಬ್ಬಿ ಬೆಳೆದಿತ್ತು. ಹತ್ತಿರದಿಂದ ನೋಡಿದರೆ ಥೇಟ್ ಟೀ ಗಿಡಗಳ ಇಳಿಜಾರು. ಬಾಯಿಯಲ್ಲಿ ಬ್ರಷ್ಷು ಇದ್ದ ಹಾಗೇ ನಾನು ಒಳಕ್ಕೆ ಓಡಿದೆ.

ಮೂರ್ತಿಯನ್ನು ಖಾಲಿ ಮೂಲೆಗೆ ತಳ್ಳಿಸಿದೆ. ಹೆಗಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಶಾಲಿನ ಮಡಿಕೆಗಳ ಮೇಲೆಲ್ಲ ಪಾಚಿಯನ್ನು ಸಾಲು ಸಾಲಾಗಿ ಕೂರಿಸಿದೆ. ಎರಡು ಹೆಗಲಿನಿಂದಲೂ ಟೀ ತೋಟ ಇಳಿದು ನೆಲಕ್ಕೆ ಬಂತು. ನಡುವೆ ಕೆಂಪು ಮಣ್ಣಿನ ರಸ್ತೆ ಸುತ್ತಿ ಸುತ್ತಿ ಹತ್ತಿತು, ಅದರ ತಿರುವಿನಲ್ಲಿ ಬಸ್ಸು. ಎದೆಯ ಮೇಲೆ ಅಡ್ಡಡ್ಡಲಾಗಿ ರೈಲು, ಹಳೆಯ ಕಾಲದ ದೊಡ್ಡ ಮನುಷ್ಯರ ಗಡಿಯಾರದ ಸರಪಳಿಯ ಹಾಗೆ. ಪುಡಿ ಜನರನ್ನೆಲ್ಲ ಅಲ್ಲಲ್ಲಿ ನಿಲ್ಲಿಸಿದೆ. ಕಂಚಿನ ಮುಖ ಬಂಡೆಯಾಯಿತು, ಬಿಳಿ ರುಮಾಲು ಶಿಖರದ ಮೇಲೆ ಕೂತ ಮಂಜಾಯಿತು. ಹಿಂದೆ ಸರಿದು ನೋಡಿದೆ. ಅಳತೆ ಸರಿಯಾಗಿತ್ತು! ಆ ತಲೆ ಮನುಷ್ಯನದಾದರೆ ಮಾತ್ರ ದೊಡ್ಡದು, ಬೆಟ್ಟದ್ದಾದರೆ ಹದವಾಗಿಯೇ ಇತ್ತು. ಅತ್ತೆ ಬಂದು ನೋಡಿ, "ಬದುಕಿರೋ ಮನುಷ್ಯನ ಮೇಲೆ ಪಾಚಿ ಬೆಳ್ಸಿದ್ದೀಯಲ್ಲೇ ಮಾರಾಯ್ತಿ" ಎಂದು ಹಣೆ ಚಚ್ಚಿಕೊಂಡರು. ಬೆಳ್ಳಣ್ಣನ ಕಣ್ಣಿಗೆ ಇದು ಹೇಗೆ ಕಂಡೀತು ಎಂಬ ಯೋಚನೆ ನನಗೆ ಬಂದದ್ದೇ ಆಗ.

ಭಾನುವಾರ ಜೀಪಿನಿಂದ ಹಟ್ಟಿಯೇ ಇಳಿಯಿತು. ಹೆಂಗಸರು ಬಿಳಿಯ ಮುಂಡು ಹೊದ್ದು, ತಲೆಗೆ ಬಿಳಿಯ ಬಟ್ಟೆ ಬಿಗಿದು ಬಂದಿದ್ದರು. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರೂ ಮೂಲೆಯ ಬೆಟ್ಟ ನೋಡಿದರು, ಬೆಟ್ಟಕ್ಕೆ ಮೀಸೆ ಇರುವುದನ್ನು ನೋಡಿದರು, ಆಮೇಲೆ ಬೆಳ್ಳಣ್ಣನನ್ನು ನೋಡಿದರು. ಮೊದಲು ಒಬ್ಬ ಅಜ್ಜಿ ಕಿಸಕ್ಕೆಂದಿತು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಳ್ಳಣ್ಣನೂ ನಕ್ಕರು, ಸ್ವಲ್ಪ ಹೆಮ್ಮೆಯೇ ಆಯಿತೆಂದು ಕಾಣುತ್ತದೆ, ಮೀಸೆ ಸವರಿಕೊಂಡರು. ನನಗೆ ಜೀವ ಬಂತು. ಅಷ್ಟರಲ್ಲಿ ಅವರ ನಗು ನಿಂತಿತು.

"ಚೆನ್ನ ಆಗಿದೆ ಕೂಸು. ಆದರೆ ನಾ ಬೆಟ್ಟ ಆದೆ. ಎಂಗ ಆಳು ಈಗಲೂ ಒಬ್ಬನೂ ಇಲ್ಲೆ" ಎಂದರು.

ಅವರು ಇಷ್ಟು ವರ್ಷ ಕೇಳಿದ್ದು ಜನರ ನಡುವೆ ಒಬ್ಬ ಮನುಷ್ಯನಿಗೆ ಜಾಗ. ನಾನು ಅಳತೆ ಸರಿಪಡಿಸುವ ಸಂಭ್ರಮದಲ್ಲಿ ಅವರನ್ನು ಹಿನ್ನೆಲೆಯ ಚಿತ್ರ ಮಾಡಿ ಕೂರಿಸಿದ್ದೆ. ನನಗೆ ನಿಜಕ್ಕೂ ಅಳು ಬಂದ ಹಾಗಾಯಿತು.

ಗಿರಿಜಿ ಅಕ್ಕ ಎದ್ದರು. ಬೆಟ್ಟದ ಹತ್ತಿರ ಹೋಗಿ ಕೂತು, ಕಣ್ಣು ಕಿರಿದು ಮಾಡಿ ಎಡ ಹೆಗಲಿನ ತೋಟವನ್ನು ನೋಡಿದರು. ಅಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಎಲೆ ಕೊಯ್ಯುವ ಇಂಚಿನೆತ್ತರದ ಒಬ್ಬ ಹೆಂಗಸಿದ್ದಳು. ಯಾವ ಊರಿನವಳೆಂದು ಹೇಳಲಾಗದ ಕೆಂಪು ಸೀರೆಯ ಗೊಂಬೆ. ಗಿರಿಜಿ ಅಕ್ಕ ದೀಪದ ತಟ್ಟೆಯಿಂದ ಒಂದು ಹೊಸ ಬತ್ತಿ ತೆಗೆದುಕೊಂಡು, ಹತ್ತಿಯ ಒಂದು ಎಳೆ ಹಿಂಜಿ, ಗೊಂಬೆಯನ್ನು ಕದಲಿಸದೆ ಅದು ನಿಂತಲ್ಲೇ ಅದರ ತಲೆಗೆ ಸುತ್ತಿದರು. ಇನ್ನೊಂದು ಎಳೆಯನ್ನು ಮೈಗೆ ಹೊದಿಸಿದರು. ಬೆರಳಿಂದ ಒತ್ತಿ ಸರಿಮಾಡಿ, ತಮ್ಮ ತಲೆಯ ಬಿಳಿ ಬಟ್ಟೆಯನ್ನೂ ಒಮ್ಮೆ ಮುಟ್ಟಿಕೊಂಡರು.

"ಇದು ನಾನು" ಎಂದರು. "ದಿನಾ ಎಲೆ ಕೊಯ್ಯುವುದು ಯಾರು? ನಾನು. ಎಂಗ ಜನ ಬಂದಾತು."

ಆಮೇಲೆ ತಡೆಯುವವರು ಯಾರು! ನಾ ಎಲ್ಲಿ, ನಾ ಎಲ್ಲಿ ಎಂದು ಹೆಂಗಸರೆಲ್ಲ ಬೆಟ್ಟಕ್ಕೆ ಮುತ್ತಿಗೆ ಹಾಕಿದರು. ಬಸ್ಸಿಗೆ ಕಾದು ನಿಂತಿದ್ದ ಗಂಡಸರಿಗೆ ರುಮಾಲು ಬಂತು, ಕೊಡ ಹೊತ್ತವಳಿಗೆ ಮುಂಡು ಬಂತು, ಕಿಸಕ್ಕೆಂದ ಅಜ್ಜಿ ತನಗೆ ರೈಲಿನ ಕಿಟಕಿಯ ಹತ್ತಿರವೇ ಜಾಗ ಬೇಕೆಂದು ಹಠ ಹಿಡಿದು ಪಡೆಯಿತು. ಬತ್ತಿ ಮುಗಿದು ಅತ್ತೆ ಹತ್ತಿಯ ಇಡೀ ಉಂಡೆಯನ್ನೇ ತಂದುಕೊಟ್ಟರು. ನೋಡುತ್ತಿದ್ದಂತೆ ಹಟ್ಟಿಗೆ ಹಟ್ಟಿಯೇ ಬೆಟ್ಟದ ಮೇಲಿತ್ತು. ಕೆಲವರ ರುಮಾಲು ಅವರ ಮೈಗಿಂತ ದಪ್ಪವಿತ್ತು. ಆಣೆ ಮಾಡಿ ಹೇಳುತ್ತೇನೆ, ನಾನು ಅಳತೆಪಟ್ಟಿಯನ್ನು ಮುಟ್ಟಲಿಲ್ಲ.

ಬೆಳ್ಳಣ್ಣ ಎಲ್ಲರ ಬೆನ್ನ ಹಿಂದಿನಿಂದ ಕತ್ತು ಚಾಚಿ, "ಆಗ ನಾನು?" ಎಂದರು.

ಗಿರಿಜಿ ಅಕ್ಕ ತಿರುಗಿಯೂ ನೋಡದೆ, "ನೀ ಬೆಟ್ಟ. ಬೆಟ್ಟ ಎಲ್ಲಾದರೂ ಮಾತಾಡಿತ್ತಾ? ಸುಮ್ಮನೆ ಇರು" ಎಂದರು.

ಉಸಲಿಯ ತಟ್ಟೆ ಖಾಲಿಯಾಗುವವರೆಗೆ ಬೆಟ್ಟ ಮಾತಾಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಮೂಲೆಗೆ ಬಂದು, ಮಂಡಿಯೂರಿ, ತಮ್ಮದೇ ಎಡ ಹೆಗಲಿನ ಹತ್ತಿರ ಮುಖ ತಂದು ಆ ಇಂಚಿನೆತ್ತರದ ಗಿರಿಜಿ ಅಕ್ಕನನ್ನು ಬಹಳ ಹೊತ್ತು ನೋಡಿದರು. ಹಾಲಿನಲ್ಲಿ ಯಾರಿಗೂ ಕೇಳಬಾರದೆಂದು ಸಣ್ಣ ದನಿಯಲ್ಲೇ ಹೇಳಿದರು, ಪಕ್ಕದಲ್ಲಿದ್ದ ನನಗೆ ಕೇಳಿಸಿಬಿಟ್ಟಿತು.

"ಅಲ್ಲಿ ಜಾರುತ್ತದೆ. ನೋಡಿ ನಿಲ್ಲು."